ಊದುವವರು ಮೂರು ಮಂದಿ

ಹೋದ ವಾರ ಧಾರವಾಡದ ಒಂದು ಸಭೆಯಲ್ಲಿ, ಸಂಗೀತದ ಬಗ್ಗೆ ಬಹಳ ಓದಿಕೊಂಡ ಹಿರಿಯರೊಬ್ಬರು ಮೈಕಿನ ಮುಂದೆ ನಿಂತು ಹೇಳಿದರು: "ಐವತ್ತು-ಅರವತ್ತರ ಆ ಕಾಲದಾಗ ನಮ್ಮ ಕಡೆ ಜಾಝ್ ಅನ್ನೋ ಹೆಸರ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಕಿವಿ ಅಷ್ಟು ಶುದ್ಧ ಇದ್ವು." ಜನ ನಕ್ಕರು, ಚಪ್ಪಾಳೆ ತಟ್ಟಿದರು. ನಾನು ಎರಡನೇ ಸಾಲಿನಿಂದ ಎದ್ದು ಹೊರಗೆ ಬಂದೆ. ಸಿಟ್ಟು ಮಾಡಿಕೊಳ್ಳಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಡಾಕ್ಟರಿಗೇನು, ಅವರು ಸಭೆಗೆ ಬಂದಿರಲಿಲ್ಲ.

ಶುದ್ಧ ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಯಾರ ಕಿವಿ ಶುದ್ಧವಿತ್ತು, ಯಾರದು ಮೈಲಿಗೆಯಾಗಿತ್ತು? ಅವರು ಹೇಳಿದ ಅದೇ ಕಾಲದಲ್ಲಿ ಹುಬ್ಬಳ್ಳಿಯ ಕೇಶ್ವಾಪುರದ ಒಂದು ಬಂಗಲೆಯಲ್ಲಿ ರವಿವಾರ ಬೆಳಿಗ್ಗೆ ಇಂಗ್ಲೆಂಡಿನ ಜಾಝ್ ರೆಕಾರ್ಡುಗಳು ತಿರುಗುತ್ತಿದ್ದವು. ನಾನು ಕುರ್ಚಿಯ ತುದಿಯಲ್ಲಿ ಕೂತು ಕೇಳುತ್ತಿದ್ದೆ. ಕೇಳಿ ಸುಮ್ಮನಾಗಲಿಲ್ಲ, ಆ ವಾದ್ಯ ಕಲಿತೆ, ಅದನ್ನು ಹಿಡಿದು ಇದೇ ಊರಿನ ಜನರೆದುರು ನಿಂತೆ. ಹಾಗೆ ನಿಲ್ಲುವುದಕ್ಕಾಗಿ ಒಂದು ಕಡೆ ದೊಡ್ಡವರ ಜೊತೆ, ಇನ್ನೊಂದು ಕಡೆ ಸ್ವಂತ ಅಪ್ಪನ ಜೊತೆ ಜಗಳಾಡಿದೆ. ಅದನ್ನೆಲ್ಲ ಒಂದೇ ಮಾತಿನಲ್ಲಿ ಒರೆಸಿ ಹಾಕಿ ಚಪ್ಪಾಳೆ ಗಿಟ್ಟಿಸುವುದಾದರೆ ನಾನೂ ಬಾಯಿ ಬಿಡುತ್ತೇನೆ.

ಐವತ್ತರ ದಶಕ ಮುಗಿಯುತ್ತಿತ್ತು. ನಾನು ಮೆಟ್ರಿಕ್ ಪಾಸಾಗಿ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಯಾವ ಇಲಾಖೆ ಎಂದು ಬರೆಯುವುದಿಲ್ಲ. ಬರೆದರೆ ಯಾರದೋ ಮೊಮ್ಮಕ್ಕಳು ಮನೆಯವರೆಗೆ ಬಂದು ತಕರಾರು ತೆಗೆದಾರು. ನಮ್ಮ ವಿಭಾಗದ ಮೇಲಧಿಕಾರಿ ಒಬ್ಬ ಆಂಗ್ಲೋ-ಇಂಡಿಯನ್. ಎಲ್ಲರೂ ಸಾಹೇಬರು ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಇಲಾಖೆಯ ನೌಕರರ ಕ್ಲಬ್ಬಿನಲ್ಲಿ ಅವರದೊಂದು ಮೇಳವಿತ್ತು. ಹಬ್ಬಕ್ಕೆ, ವಾರ್ಷಿಕೋತ್ಸವಕ್ಕೆ ಅಧಿಕಾರಿಗಳು ಮತ್ತು ಅವರ ಹೆಂಡಂದಿರು ಕುಣಿಯಲು ಆ ಮೇಳ ಬೇಕಾಗುತ್ತಿತ್ತು. ಸಾಹೇಬರು ಸ್ಯಾಕ್ಸೋಫೋನು ಹಿಡಿದು ಮುಂದೆ ನಿಲ್ಲುತ್ತಿದ್ದರು.

ಒಂದು ರವಿವಾರ ತುರ್ತು ಕಾಗದಕ್ಕೆ ಸಹಿ ಮಾಡಿಸಲು ಅವರ ಬಂಗಲೆಗೆ ಹೋದೆ. ಒಳಗಿನಿಂದ ಬಂದ ಧ್ವನಿ ಕೇಳಿ ಮೆಟ್ಟಿಲ ಮೇಲೇ ನಿಂತುಬಿಟ್ಟೆ. ಎರಡು ಸ್ಯಾಕ್ಸೋಫೋನುಗಳು, ಒಂದು ಮಾತು ಮುಗಿಸುವ ಮೊದಲೇ ಇನ್ನೊಂದು ಬಾಯಿ ಹಾಕುತ್ತಿತ್ತು. ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ನಳದ ಮುಂದೆ ಇಬ್ಬರು ಹೆಂಗಸರು ಜಗಳಕ್ಕೆ ನಿಂತ ಹಾಗಿತ್ತು, ಅದೇ ಬಿರುಸು, ಅದೇ ಚುರುಕು, ಸೋಲಲಾರೆ ಎಂಬ ಅದೇ ಹಟ. ಸಾಹೇಬರು ಕಿಟಕಿಯಿಂದ ನೋಡಿ, "ಅಂದರ್ ಆವೋ ಮ್ಯಾನ್, ಕೂಡು. ಕುರ್ಚಿ ಕಡಿಯೂದಿಲ್ಲ" ಎಂದರು. ಕೂತೆ. ಅವರ ಹೆಂಡತಿ ಎಲ್ಲರಿಗೂ ಕೊಟ್ಟಂಥದೇ ಕಪ್ಪಿನಲ್ಲಿ ನನಗೂ ಚಹಾ ಕೊಟ್ಟರು. ಇದನ್ನು ಯಾಕೆ ಹೇಳುತ್ತೇನೆಂದರೆ, ಕಚೇರಿಯ ನೀರಿನ ಕೊಡದ ಹತ್ತಿರ ನನಗೆಂದೇ ಒಂದು ಲೋಟವಿತ್ತು. ಅದು ಬೇರೆ ಎಂದು ಯಾರೂ ಹೇಳಿರಲಿಲ್ಲ, ಅದರಲ್ಲಿ ಬೇರೆ ಯಾರೂ ಕುಡಿಯುತ್ತಿರಲಿಲ್ಲ, ಅಷ್ಟೇ.

ಆ ಎಲ್‌ಪಿ ರೆಕಾರ್ಡುಗಳನ್ನು ಲಂಡನ್ನಿನಲ್ಲಿದ್ದ ಅವರ ತಂಗಿ ಕಳಿಸುತ್ತಿದ್ದಳು. ಅಮೆರಿಕದವು ಒಂದೆರಡಿದ್ದವು, ಉಳಿದವೆಲ್ಲ ಇಂಗ್ಲೆಂಡಿನವರದೇ. ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿದ್ದು ಧ್ವನಿ, ಒಳಗೆ ಹಿಡಿದು ಕೂಡಿಸಿದ್ದು ರೆಕಾರ್ಡಿನ ಹೊದಿಕೆ. ಅದರ ಮೇಲೆ ಒಬ್ಬ ಮನುಷ್ಯ ಕೊರಳಿಗೆ ಸ್ಯಾಕ್ಸೋಫೋನು ಹಾಕಿಕೊಂಡು, ಫೋಟೋ ತೆಗೆಯುವವನ ಮುಲಾಜಿಲ್ಲದೆ ಎತ್ತಲೋ ನೋಡುತ್ತ ನಿಂತಿದ್ದ. ದೊಡ್ಡ ಅಕ್ಷರದಲ್ಲಿ ಅವನ ಹೆಸರು. ಅದರ ಕೆಳಗೆ, ಇದು ಅವನ ಐವರ ಮೇಳ ಎಂದು ಬರೆದಿತ್ತು. ನಮ್ಮ ಊರಿನಲ್ಲಿ ಬ್ಯಾಂಡಿನ ಹೆಸರು ಅಂಗಡಿಯ ಮಾಲೀಕನದು. ಅವನು ಜನ್ಮದಲ್ಲಿ ಒಂದು ಪೀಪಿ ಊದಿದವನಲ್ಲ. ಊದುವವರು ಅವನು ಕೊಟ್ಟ ಕೆಂಪು ಕೋಟು ಹಾಕಿಕೊಂಡು ಬಿಸಿಲಲ್ಲಿ ನಡೆಯುವವರು. ಇಲ್ಲಿ ನೋಡಿದರೆ ಊದುವವನೇ ಯಜಮಾನ. ಒಂದಲ್ಲ, ಸಾಹೇಬರ ಹತ್ತಿರ ಇದ್ದ ರೆಕಾರ್ಡುಗಳಲ್ಲಿ ಮುಕ್ಕಾಲು ಪಾಲು ಹಾಗೇ. ಒಬ್ಬೊಬ್ಬ ಸ್ಯಾಕ್ಸೋಫೋನಿನವ ಒಂದೊಂದು ಮೇಳದ ನಾಯಕ.

ಹೊದಿಕೆಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಬರಹ ಇರುತ್ತಿತ್ತು. ಶಬ್ದಕೋಶ ಇಟ್ಟುಕೊಂಡು ಓದಿದೆ. ಓದಿ ಸಿಟ್ಟು ಬಂತು. ನಮ್ಮ ಇಂಗ್ಲೆಂಡಿನ ಹುಡುಗರೂ ಅಮೆರಿಕದವರಿಗೆ ಕಡಿಮೆಯೇನಿಲ್ಲ, ಬಹುಮಟ್ಟಿಗೆ ಅವರಂತೆಯೇ ನುಡಿಸುತ್ತಾರೆ ಎಂಬ ಧಾಟಿ. ಆ ಶಹಬ್ಬಾಸಿನ ಧ್ವನಿ ನನಗೆ ಚೆನ್ನಾಗಿ ಗೊತ್ತು. ಸಾಲೆಯಲ್ಲಿ ನಾನು ಗಣಿತದಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ತೆಗೆದಾಗ ಮಾಸ್ತರರು, "ನೋಡ್ರಿ, ಇವರೊಳಗೂ ಒಬ್ಬ ಶಾಣ್ಯಾ ಹುಟ್ಟ್ಯಾನ" ಎಂದಿದ್ದರು. ಹೊಗಳಿದ್ದೇನೋ ಖರೆ, ಆದರೆ ಆ ಹೊಗಳಿಕೆ ತಲೆಯ ಮೇಲೆ ಕೈಯಿಟ್ಟು ಕೆಳಗೆ ಒತ್ತುತ್ತಿತ್ತು.

ಸಾಹೇಬರು ಇಂಗ್ಲೆಂಡಿನ ಆ ಸ್ಯಾಕ್ಸೋಫೋನಿನವರ ಕಥೆ ಹೇಳುತ್ತಿದ್ದರು. ಆ ಮಂದಿ ಹೊಟ್ಟೆಪಾಡಿಗೆ ಡಾನ್ಸ್ ಹಾಲುಗಳಲ್ಲಿ, ಮದುವೆಗಳಲ್ಲಿ, ಹೇಳಿದ ಕೋಟು ತೊಟ್ಟು, ಹೇಳಿದ ಹಾಡು ನುಡಿಸುತ್ತಿದ್ದರಂತೆ. ಅಮೆರಿಕದ ದೊಡ್ಡವರನ್ನು ಕಿವಿಯಾರೆ ಕೇಳಬೇಕೆಂದು ಪ್ರಯಾಣಿಕರ ಹಡಗಿನ ಬ್ಯಾಂಡಿನಲ್ಲಿ ಕೆಲಸಕ್ಕೆ ಸೇರಿ ಸಮುದ್ರ ದಾಟುತ್ತಿದ್ದರಂತೆ. ಮೊದಲು ಕೇಳಿದ್ದನ್ನೇ ನುಡಿಸಿದರು. ಆಮೇಲೆ ಒಬ್ಬೊಬ್ಬರಾಗಿ ಕಾಪಿ ಹೊಡೆಯುವುದನ್ನು ಬಿಟ್ಟು ತಮ್ಮದೇ ಏನಿದೆ ಎಂದು ಹುಡುಕತೊಡಗಿದರು. ಅರವತ್ತರ ನಂತರ ಬಂದ ರೆಕಾರ್ಡುಗಳಲ್ಲಿ ಅದು ಕೇಳುತ್ತಿತ್ತು. ಒಬ್ಬನಂತೂ ತಾಳದ ಚೌಕಟ್ಟನ್ನೇ ಕಿತ್ತೊಗೆದು ಐದೂ ಮಂದಿಯನ್ನು ಬಯಲಿಗೆ ಬಿಟ್ಟಿದ್ದ. ಮೊದಲ ಸಲ ಕೇಳಿದಾಗ ನನಗೆ ತಲೆನೋವು ಬಂತು. ಮರುವಾರ ಮತ್ತೆ ಅದನ್ನೇ ಹಚ್ಚಿರಿ ಎಂದು ನಾನೇ ಕೇಳಿದೆ.

ಸಾಹೇಬರೇ ನನಗೆ ಸ್ಯಾಕ್ಸೋಫೋನು ಕಲಿಸಿದರು. ಕಲಿಯಲು ವರ್ಷಗಳೇ ಹಿಡಿದವು; ತುಟಿ ಬಾತು, ಹಲ್ಲು ಜುಮ್ಮೆಂದು, ಬಂಗಲೆಯ ಹಿಂದಿನ ಬೇವಿನ ಗಿಡದ ಕಾಗೆಗಳೆಲ್ಲ ಊರು ಬಿಟ್ಟು ಹೋದ ಮೇಲೆ ಒಂದು ದಿನ ಸ್ವರ ಬಂತು. ಅವರ ಹಳೆಯ ವಾದ್ಯವೊಂದನ್ನು ಮನೆಗೆ ಒಯ್ಯಲು ಕೊಟ್ಟರು. ನಿಜವಾದ ರಾಮಾಯಣ ಶುರುವಾದದ್ದು ಮನೆಯಲ್ಲಿ.

ನನ್ನ ಅಪ್ಪ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಹತ್ತಿ ತುಂಬಿದ ಅಂಡಿಗೆ ಹೊರುತ್ತಿದ್ದ. ಅದಕ್ಕೂ ಮೊದಲು, ನಾನು ಚಿಕ್ಕವನಿದ್ದಾಗ, ಧಾರವಾಡದ ಆಚೆಗಿನ ನಮ್ಮ ಹಳ್ಳಿಯಲ್ಲಿ ಅವನು ಹಲಗೆಯವನು. ಊರಿನಲ್ಲಿ ಯಾರು ಸತ್ತರೂ, ಯಾರ ಮನೆಯಲ್ಲಿ ಏನಾದರೂ, ಹೇಳಿ ಕಳಿಸಿದ ಕೂಡಲೇ ಚರ್ಮದ ಹಲಗೆ ಕಾಯಿಸಿಕೊಂಡು ಹೋಗಿ ಬಾಗಿಲ ಹೊರಗೆ ನಿಂತು ಬಡಿಯಬೇಕು. ನಮ್ಮ ಮಂದಿ ಬೌದ್ಧರಾದ ವರ್ಷ ಅವನು ಆ ಹಲಗೆಯನ್ನು ಗೌಡರ ಕಟ್ಟೆಯ ಮೇಲಿಟ್ಟು, "ಇನ್ನ ನೀವ ಬಡಕೋರಿ" ಎಂದು ಹೇಳಿ, ನಮ್ಮನ್ನು ಕರೆದುಕೊಂಡು ಹುಬ್ಬಳ್ಳಿಯ ಬಸ್ಸು ಹತ್ತಿದ. ಅಂದಿನಿಂದ ನಮ್ಮ ಮನೆಯಲ್ಲಿ ವಾದ್ಯದ ಮಾತಿಲ್ಲ. ತಂಗಿ ಡಬ್ಬಿ ಬಾರಿಸಿದರೂ ಕಸಿದುಕೊಳ್ಳುತ್ತಿದ್ದ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಈ ಸಂಗೀತದ ಸೀಮೆಯಲ್ಲಿ ಸಿತಾರು ನುಡಿಸುತ್ತಾರೆ, ತಬಲಾ ಬಾರಿಸುತ್ತಾರೆ, ಹಲಗೆ ಬಡಿಯುತ್ತಾರೆ. ತಬಲಾದ ಮೇಲೆ ಬೀಳುವುದೂ ಮನುಷ್ಯನ ಕೈ, ಹಲಗೆಯ ಮೇಲೆ ಬೀಳುವುದೂ ಮನುಷ್ಯನ ಕೈ, ಎರಡೂ ಚರ್ಮವೇ. ಆದರೆ ಕೈ ಯಾರದು ಎಂದು ನೋಡಿ ಕ್ರಿಯಾಪದ ಹಚ್ಚುತ್ತಾರೆ. ವ್ಯಾಕರಣದಲ್ಲಿ ಲಿಂಗ ಇದೆ, ವಚನ ಇದೆ, ಜಾತಿಯೂ ಇದೆ. ಅದನ್ನು ಯಾವ ಪಂಡಿತರೂ ಪುಸ್ತಕದಲ್ಲಿ ಬರೆಯುವುದಿಲ್ಲ. ನನಗೆ ಸ್ಯಾಕ್ಸೋಫೋನು ಹಿಡಿಸಲು ಅದೂ ಒಂದು ಕಾರಣ. ಅದು ಹೊಸದು, ಅದಕ್ಕಿನ್ನೂ ಯಾರೂ ಕ್ರಿಯಾಪದ ಹಚ್ಚಿಲ್ಲ ಎಂದುಕೊಂಡಿದ್ದೆ.

ಮಂಚದ ಕೆಳಗಿದ್ದ ಸ್ಯಾಕ್ಸೋಫೋನಿನ ಪೆಟ್ಟಿಗೆ ಅಪ್ಪನ ಕಣ್ಣಿಗೆ ಬಿತ್ತು. ತೆರೆದು ನೋಡಿದ. ಮುಟ್ಟಲಿಲ್ಲ.

"ಮತ್ತ ಊದಾಕ ಹೊಂಟಿ ಏನ? ನಾ ಕೈಯಾಗಿಂದು ಬಿಟ್ಟ ಬಂದೆ, ನೀ ಬಾಯಿಗೆ ಹಚ್ಚಿಕೊಂಡಿ!"

"ಇದು ಹಂಗಲ್ಲ ಯಪ್ಪಾ. ಇದು ಬ್ಯಾರೆ" ಎಂದು, ಸಾಹೇಬರಿಂದ ಎರವಲು ತಂದಿದ್ದ ಒಂದು ರೆಕಾರ್ಡಿನ ಹೊದಿಕೆ ತೋರಿಸಿದೆ.

ಅಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿದ. "ಇವ ಯಾರ ಮದುವ್ಯಾಗ ಊದತಾನ?"

"ಯಾರ ಮದುವ್ಯಾಗೂ ಅಲ್ಲ. ಮಂದಿ ಟಿಕೀಟು ತಗಸಿ ಬಂದು ಇವನ್ನ ಕೇಳತಾರ."

"ಇವ ನಿಂತಿರತಾನ, ಅವರು ಕುಂತಿರತಾರ?"

"ಹೌದು. ಆದ್ರ ಅವ ಮ್ಯಾಲೆ ನಿಂತಿರತಾನ, ಇವರು ಕೆಳಗ ಕುಂತಿರತಾರ. ನಡುವ ಯಾರರೆ ಮಾತಾಡಿದ್ರ ಉಳದವರು ಬೈತಾರ."

ಅಪ್ಪ ಹೊದಿಕೆಯನ್ನು ಕೆಳಗಿಳಿಸಿ, "ಮುಗದ ಮ್ಯಾಲೆ ಅವನ್ನ ಎಲ್ಲಿ ಕುಂದರಿಸಿ ಉಣ್ಣಾಕ ಹಾಕತಾರ?" ಎಂದು ಕೇಳಿದ.

ಹೊದಿಕೆಯ ಹಿಂಬದಿಯನ್ನು ಪೂರ್ತಿ ಓದಿದ್ದೆ, ಅಲ್ಲಿ ಅದೊಂದನ್ನು ಬರೆದಿರಲಿಲ್ಲ. ಮರುದಿನ ಸಾಹೇಬರನ್ನೇ ಕೇಳಿದೆ. ಅವರು ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿದರು. ಬಿಳಿಯರದೇನೂ ತೊಂದರೆಯಿಲ್ಲ, ಆದರೆ ಆ ಮೇಳಗಳಲ್ಲಿ ಇಂಗ್ಲಿಷರು ಆಳಿದ ದೂರದ ದ್ವೀಪಗಳಿಂದ ಬಂದ ಕಪ್ಪು ಮಂದಿಯೂ ಇದ್ದಾರೆ, ಆ ಹೊದಿಕೆಯವನೂ ಅವರಲ್ಲೊಬ್ಬ, ಬಣ್ಣದವರಿಗೆ ಕೋಣೆ ಕೊಡುವುದಿಲ್ಲ ಎಂದು ಲಂಡನ್ನಿನ ಎಷ್ಟೋ ಬಾಗಿಲುಗಳ ಮೇಲೆ ಬರೆದು ತೂಗುಹಾಕಿರುತ್ತಾರೆ, ತಮ್ಮ ತಂಗಿಗೂ ಆ ಅನುಭವ ಆಗಿದೆ ಎಂದರು. ಬಂದು ಅಪ್ಪನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ.

"ಹಂಗಾರ ಅವ ನಮ್ಮವನ ಆದ" ಎಂದ ಅಪ್ಪ. ಹೊದಿಕೆಯನ್ನು ಇನ್ನೊಮ್ಮೆ ನೋಡಿ ನನ್ನ ಕೈಗೆ ಕೊಟ್ಟ. "ಕಲಿ. ನಾ ಬ್ಯಾಡ ಅನ್ನೂದಿಲ್ಲ. ಆದ್ರ ಒಂದ ಮಾತು. ಯಾರ ಬಾಗಲದಾಗೂ ನಿಂತು ಊದಬ್ಯಾಡ. ಅದೊಂದು ಆತು ಅಂದ್ರ ನೀ ನನ್ನ ಮಗಾ ಅಲ್ಲ, ನಾ ನಿನ್ನ ಅಪ್ಪ ಅಲ್ಲ."

ಅರವತ್ತರ ದಶಕದ ನಡುವಿನಲ್ಲಿ ಸಾಹೇಬರು ಇಂಗ್ಲೆಂಡಿಗೆ ಹೊರಟರು. ಆಗ ಅವರ ಮಂದಿ ಒಬ್ಬೊಬ್ಬರಾಗಿ ಹೊರಟಿದ್ದರು. ಅಷ್ಟರಲ್ಲಿ ನಾನೂ ಅವರ ಮೇಳ ಸೇರಿದ್ದೆ. ಹೊರಡುವ ಮೊದಲು ಕ್ಲಬ್ಬಿನ ಕಮಿಟಿಗೆ, ಇನ್ನು ಮೇಳದ ನಾಯಕ ಈ ಹುಡುಗ ಎಂದು ನನ್ನನ್ನು ತೋರಿಸಿ ಹೇಳಿದರು. ಅವರೆದುರು ಎಲ್ಲರೂ ತಲೆಯಾಡಿಸಿದರು. ಅವರ ರೈಲು ಮೀರಜ್ ದಾಟಿತೋ ಇಲ್ಲವೋ, ಕಮಿಟಿಯ ಕಾರ್ಯದರ್ಶಿ ನನ್ನನ್ನು ಕರೆಸಿದರು.

ಕಾರ್ಯದರ್ಶಿ ಧಾರವಾಡದವರು, ಹಿರಿಯ ಅಧಿಕಾರಿ, ಸಂಗೀತ ಸಭೆಗಳಲ್ಲಿ ಮೊದಲ ಸಾಲಿನಲ್ಲಿ ಕೂತು ಕಣ್ಣುಮುಚ್ಚಿ ತಲೆದೂಗುವವರು. ಕೆಟ್ಟ ಮನುಷ್ಯರಲ್ಲ. ಕೆಟ್ಟವರಾಗಿದ್ದರೆ ನನಗೆ ಸುಲಭವಿತ್ತು.

"ನೀ ಛಲೋ ಊದ್ತೀಪಾ, ಖರೇ ಅದ. ನಾ ಇಲ್ಲ ಅನ್ನೂದಿಲ್ಲ" ಎಂದರು. "ಆದ್ರ ಮುಂದ ನಿಂದರೂದು ಅಂದ್ರ ಬ್ಯಾರೆ ಮಾತು. ಮ್ಯಾಲಿನ ಸಾಹೇಬ್ರು ಬರ್ತಾರ, ಅವರ ಮನಿಯವರು ಬರ್ತಾರ. ನೋಡ್ಲಿಕ್ಕೂ ಒಂದು ರೀತಿ ಅಂತ ಇರ್ತದಲ್ಲಾ. ಅಕೌಂಟ್ಸಿನವರು ಅಕಾರ್ಡಿಯನ್ ಬಾರಸ್ತಾರ, ಅವರು ಮುಂದ ನಿಂದರ್ಲಿ. ನೀ ಹಿಂದಿಂದ ಊದು. ಕೇಳವ್ರಿಗೆ ಏನು ಫರಕ?"

ಅಕೌಂಟ್ಸಿನ ಆ ಮನುಷ್ಯನಿಗೆ ಅಕಾರ್ಡಿಯನ್ನಿನ ಮೇಲೆ ರಾಷ್ಟ್ರಗೀತೆ ಮತ್ತು ಎರಡು ಸಿನಿಮಾ ಹಾಡು ಬರುತ್ತಿದ್ದವು. ನಾನು ಹೊರಗೆ ಬಂದೆ. ಮರುದಿನ ಕ್ಲಬ್ಬಿನ ಫಲಕಕ್ಕೆ ವಾರ್ಷಿಕೋತ್ಸವದ ಸೂಚನೆ ಅಂಟಿಸಿದ್ದರು. ಅದರಲ್ಲಿ ಅಕಾರ್ಡಿಯನ್ ವಾದನ ಎಂದು ಬರೆದು ಎದುರಿಗೆ ಶ್ರೀಯುತ ಇಂಥವರು ಎಂದು ಹೆಸರು. ಕೆಳಗೆ, "ಜೊತೆಗೆ ಊದುವವರು ಮೂರು ಮಂದಿ, ಬಡಿಯುವವ ಒಬ್ಬ."

ಮೂರು ಮಂದಿ ಎಂದರೆ ನಾನು, ಗೋವೆಯ ಒಬ್ಬ ತುತ್ತೂರಿಯವ, ಹಳೇ ಹುಬ್ಬಳ್ಳಿಯ ಮದುವೆ ಬ್ಯಾಂಡಿನಿಂದ ಬಂದ ಕ್ಲಾರಿನೆಟ್ ಚಾಚಾ. ಬಡಿಯುವವ ಅಂದರೆ ಚಾಚಾನ ತಮ್ಮ, ಡ್ರಮ್ಮಿನವ. ನಾಲ್ವರಿಗೂ ಹೆಸರಿಲ್ಲ, ಬರೀ ಲೆಕ್ಕ. ದನ ಎಣಿಸಿದ ಹಾಗೆ ಎಣಿಸಿದ್ದರು. ಅಷ್ಟು ವರ್ಷ ನಾನು ಕಾಪಾಡಿಕೊಂಡಿದ್ದ ಹೊಸ ವಾದ್ಯಕ್ಕೆ ಕೊನೆಗೂ ಒಂದು ಕ್ರಿಯಾಪದ ಹಚ್ಚಿ ಗೋಡೆಗೆ ಅಂಟಿಸಿಬಿಟ್ಟಿದ್ದರು. ಆ ಕಾಗದವನ್ನು ಕಿತ್ತುಕೊಂಡು ನೇರ ಕಾರ್ಯದರ್ಶಿಯವರ ಕೋಣೆಗೆ ಹೋದೆ.

"ಕೊಳಲಿನವರಿಗೆ ಏನಂತೀರಿ ಸಾಹೇಬ್ರ?"

ಅವರು ಕನ್ನಡಕ ತೆಗೆದು ನೋಡಿದರು. "ಕೊಳಲು ವಾದಕರು ಅಂತೀವಿ. ಯಾಕ?"

"ಅವರು ಬಾಯಿಲೆ ಊದೂದಿಲ್ಲೇನ್ರಿ?"

"ಅದು ದೇವರ ವಾದ್ಯಪಾ. ಅದಕ್ಕೂ ಇದಕ್ಕೂ ಹೋಲಸ್ತಾರೇನು?"

"ಮತ್ತ ತಬಲಾದವರು? ಅವರು ಬಡ್ಯೂದಿಲ್ಲೇನ್ರಿ?"

"ಏ, ಭಾಷಾ ಅಂದ ಮ್ಯಾಲೆ ಒಂದು ರೂಢಿ ಇರ್ತದ. ಮನಸಿಗೆ ಹಚ್ಚಿಕೋಬ್ಯಾಡ. ಬರದವ್ರು ಯಾವ ಅರ್ಥದಾಗ ಬರದಾರೋ…"

"ಅರ್ಥ ತಿಳೀತ್ರಿ" ಎಂದೆ. "ಊದುವವರು ಅಂತ ಬರದ್ರ ಊದೂದಿಲ್ಲ. ನನ್ನ ಹೆಸರು ಬರೀರಿ, ಅವರ ಮೂವರ ಹೆಸರೂ ಬರೀರಿ, ವಾದನ ಅಂತ ಬರೀರಿ. ಮುಂದ ನಾ ನಿಂದರತೇನಿ. ಇಲ್ಲಾಂದ್ರ ಅಕಾರ್ಡಿಯನ್ ಒಂದ ಕೇಳ್ರಿ."

ಇಷ್ಟು ಹೇಳಿ ಬಂದೆನಲ್ಲ, ನೌಕರಿ ಹೋಯಿತು ಎಂದುಕೊಂಡೆ. ಹೋಗಲಿಲ್ಲ. ಉಳಿದ ಮೂವರೂ ಹೋಗಿ ಅದೇ ಮಾತು ಹೇಳಿದರು. ಕ್ಲಾರಿನೆಟ್ ಚಾಚಾನಂತೂ ಬಾಗಿಲಲ್ಲಿ ನಿಂತು, "ನಾವು ಬರೂದಿಲ್ರೀ, ನಮಗ ಅವತ್ತ ಒಂದು ಮದುವಿ ಐತಿ" ಎಂದು ಹಾಯಾಗಿ ಸುಳ್ಳು ಹೇಳಿ ಬಂದ. ಕುಣಿಯಬೇಕೆಂದು ಸೀರೆ ತರಿಸಿಕೊಂಡಿದ್ದ ಅಧಿಕಾರಿಗಳ ಹೆಂಡಂದಿರಿಂದ ಒತ್ತಾಯ ಬಂತೆಂದು ಕಾಣುತ್ತದೆ. ಫಲಕದ ಮೇಲೆ ಹೊಸ ಕಾಗದ ಬಂತು. ಸ್ಯಾಕ್ಸೋಫೋನ್ ವಾದನ ಮತ್ತು ಮೇಳದ ನಾಯಕತ್ವ ಎಂದು ಬರೆದು, ಎದುರಿಗೆ ನನ್ನ ಪೂರ್ತಿ ಹೆಸರು, ಅಪ್ಪನ ಹೆಸರೂ ಸೇರಿ. ಕೆಳಗೆ ಆ ಮೂವರ ಹೆಸರೂ ಇದ್ದವು. ನಾನು ಊಟದ ಬಿಡುವಿನಲ್ಲಿ ಸುಮ್ಮನೆ ಅದರ ಮುಂದೆ ಹೋಗಿ ನಿಲ್ಲುತ್ತಿದ್ದೆ.

ಅಪ್ಪನನ್ನು ಕರೆದೆ. "ಕುರ್ಚಿ ಐತೇನು?" ಎಂದು ಕೇಳಿದ. ಐತಿ ಎಂದೆ. ತೊಳೆದ ಧೋತರ, ಬಿಳಿ ಅಂಗಿ ಹಾಕಿಕೊಂಡು ಬಂದು, ಯಾರು ಎಲ್ಲಿ ಕೂಡಬೇಕೆಂದು ನೋಡದೆ, ಅಧಿಕಾರಿಗಳ ಸಾಲಿನ ಒಂದು ಕುರ್ಚಿಯಲ್ಲಿ ಕೂತ. ಪಕ್ಕದಲ್ಲಿದ್ದವರು ಸ್ವಲ್ಪ ಸರಿದರು. ಅಪ್ಪ ಸರಿಯಲಿಲ್ಲ.

ಮೊದಲು ಕುಣಿತದ ಹಾಡುಗಳಾದವು. ಆಮೇಲೆ ಸಾಹೇಬರ ರೆಕಾರ್ಡುಗಳಿಂದ ಕಲಿತದ್ದೊಂದನ್ನು ನುಡಿಸಿದೆವು. ನಾನೂ ಚಾಚಾನೂ ಎದುರುಬದುರಾಗಿ ನಿಂತು ಒಬ್ಬರ ಮಾತಿಗೊಬ್ಬರು ಬಾಯಿ ಹಾಕಿದೆವು. ಜನ ಕುಣಿಯುವುದನ್ನು ಬಿಟ್ಟು ಕೇಳತೊಡಗಿದರು. ಕೊನೆಗೆ ಇಟ್ಟುಕೊಂಡದ್ದು ನನ್ನದೇ ರಚನೆ. ಲಂಡನ್ನಿನ ಆ ಮಂದಿ ಪರರದನ್ನು ನುಡಿಸುವುದು ಬಿಟ್ಟು ತಮ್ಮದನ್ನು ಹುಡುಕಿದರಲ್ಲ, ನಾನೂ ಹುಡುಕಿದ್ದೆ. ನನ್ನದು ಎನ್ನುವಂಥದು ನನಗೆ ಒಂದೇ ಸಿಕ್ಕಿತ್ತು. ಚಿಕ್ಕವನಿದ್ದಾಗ ಹಳ್ಳಿಯಲ್ಲಿ ಹೆಣ ಎತ್ತುವಾಗ ಅಪ್ಪ ಬಡಿಯುತ್ತಿದ್ದ ಹಲಗೆಯ ಬಡಿತ. ಮೊದಲು ನಿಧಾನ, ನಡುವೆ ಉಸಿರು ಹಿಡಿದ ಹಾಗೆ ಒಂದು ತಡೆ, ಆಮೇಲೆ ಓಟ. ಅಪ್ಪನ ಹಿಂದೆ ನಡೆಯುತ್ತ ಅದನ್ನು ಕೇಳಿದಾಗ, ಇಡೀ ಊರನ್ನು ನಡೆಸುವವನು ನನ್ನಪ್ಪನೇ ಎಂದು ನನಗೆ ಅನ್ನಿಸುತ್ತಿತ್ತು. ಅದನ್ನೇ ಮೇಜು ಕುಟ್ಟಿ ಡ್ರಮ್ಮಿನವನಿಗೆ ಕಲಿಸಿದ್ದೆ.

ಡ್ರಮ್ಮು ಶುರುವಾಯಿತು. ನಾನು ಕಣ್ಣು ಮುಚ್ಚಿ ಸ್ಯಾಕ್ಸೋಫೋನು ಎತ್ತಿದೆ. ಆ ಹೊತ್ತಿನ ನುಡಿಸಾಣಿಕೆಯಂಥದ್ದು ಮತ್ತೆ ನನಗೆ ಯಾವತ್ತೂ ಬರಲಿಲ್ಲ, ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಓಟದ ಭಾಗಕ್ಕೆ ಬಂದಾಗ ಕಣ್ಣು ಬಿಟ್ಟೆ. ಅಪ್ಪನ ಕುರ್ಚಿ ಖಾಲಿ ಇತ್ತು. ಅವನು ಬಾಗಿಲ ಕಡೆ ನಡೆಯುತ್ತಿದ್ದ, ಬೆನ್ನು ನನ್ನ ಕಡೆ.

ಮನೆಗೆ ಬಂದಾಗ ಹೊಸ್ತಿಲ ಒಳಗೇ ನಿಂತಿದ್ದ.

"ನಾ ಗೌಡ್ರ ಕಟ್ಟಿ ಮ್ಯಾಲೆ ಇಟ್ಟ ಬಂದದ್ದನ್ನ ನೀ ಯಾಕ ಎತಗೊಂಡ ಬಂದಿ?"

"ಅದು ಗೌಡ್ರದಲ್ಲ ಯಪ್ಪಾ, ನಮ್ದು. ಬಿಟ್ಟ ಬಂದ್ರ ಅವರದ ಆಗತೈತಿ. ಚಪ್ಪಾಳಿ ಕೇಳಲಿಲ್ಲೇನು ನೀ? ಆ ಸಾಹೇಬ್ರೆಲ್ಲಾ ನಿನ್ನ ಬಡಿತಕ್ಕ ಚಪ್ಪಾಳಿ ಹೊಡದ್ರು."

"ಹೆಣದ ಮುಂದ ಬಡದಾವ ನಾನು, ನೀ ಅಲ್ಲ" ಎಂದ ಅಪ್ಪ. "ಚಪ್ಪಾಳಿ ನಿನಗ ಬಿತ್ತು."

ಅಷ್ಟೇ. ಆಮೇಲೆ ನನ್ನ ಜೊತೆ ಮಾತು ಬಿಟ್ಟ. ಊಟಕ್ಕೆ ಕೂತಾಗ ನನಗೆ ಹೇಳಬೇಕಾದ್ದನ್ನು ತಂಗಿಗೆ ಹೇಳುತ್ತಿದ್ದ. ನನಗೂ ಸಿಟ್ಟು ನೆತ್ತಿಗೇರಿತ್ತು. ಅವನಿಗಾಗಿ ಕಾರ್ಯದರ್ಶಿಯ ಎದುರು ನಿಂತೆ, ಅವನ ಹೆಸರು ಫಲಕದ ಮೇಲೆ ಬರುವ ಹಾಗೆ ಮಾಡಿದೆ, ಅವನ ಕೈಯಿಂದ ಹುಟ್ಟಿದ್ದನ್ನು ವೇದಿಕೆಗೆ ಏರಿಸಿದೆ, ಎದ್ದು ಹೋದನಲ್ಲ! ನಾನು ಮಾಡಿದ್ದು ತಪ್ಪು ಎಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಅವನು ಎದ್ದು ಹೋದದ್ದು ತಪ್ಪು ಎಂದೂ ಹೇಳಲಾರೆ. ಇಬ್ಬರದೂ ಸರಿ ಇದ್ದಾಗ ಆಗುವ ಜಗಳಕ್ಕೆ ರಾಜಿ ಮಾಡಿಸುವವರು ಯಾರೂ ಸಿಗುವುದಿಲ್ಲ.

ಹೀಗೆ ಬಿಗಿದುಕೊಂಡಿದ್ದ ದಿನಗಳಲ್ಲಿ, ಒಂದು ಸಂಜೆ ನಮ್ಮ ಓಣಿಗೆ ಕಾರ್ಯದರ್ಶಿಯವರು ಬಂದರು. ಸ್ವತಃ ಅವರೇ. ಓಣಿಯ ಮಂದಿಯೆಲ್ಲ ಬಾಗಿಲಿಗೆ ಬಂದು ನೋಡಿದರು. ಕೈಯಲ್ಲಿ ಅರಿಶಿನ ಹಚ್ಚಿದ ಲಗ್ನಪತ್ರಿಕೆ, ಮುಖದ ತುಂಬ ನಗು. ಅಪ್ಪ ಕಟ್ಟೆಯ ಮೇಲಿದ್ದ, ಎದ್ದು ನಿಂತ. ನಾನು ಒಳಗಿನಿಂದ ಬಂದೆ. ಆ ನಗು ಖರೆ ನಗುವೇ. ಅದೇ ನನ್ನನ್ನು ಹೆದರಿಸಿತು.

"ಅವತ್ತಿನ ಕಾರ್ಯಕ್ರಮ ಇನ್ನೂ ಕಿವ್ಯಾಗ ಅದ" ಎಂದರು. ಈ ಸಲ ನನಗೆ ಬಹುವಚನ ಬಂದಿತ್ತು. "ನಮ್ಮ ಹಿರೇ ಮಗಳ ಲಗ್ನ ಅದರೀ. ಮೆರವಣಿಗಿಗೆ ನಿಮ್ಮ ಮೇಳನ ಬರಬೇಕು, ಬ್ಯಾರೆ ಯಾರನ್ನೂ ನಾ ಕರಿಯೂದಿಲ್ಲ. ಸ್ಟೇಷನ್ನಿನಿಂದ ನಮ್ಮ ಮನೀ ಬಾಗಲತನಾ."

ಬಾಗಿಲೆಂಬ ಮಾತು ಕೇಳಿ ನಾನು ಅಪ್ಪನ ಕಡೆ ನೋಡಲಿಲ್ಲ.

ನಾನು ಹಿಂದೆಮುಂದೆ ನೋಡುತ್ತಿದ್ದೇನೆಂದು ಅವರಿಗೆ ಅನ್ನಿಸಿತು. ಹತ್ತಿರ ಬಂದು, ಗುಟ್ಟು ಹೇಳುವವರಂತೆ ದನಿ ತಗ್ಗಿಸಿ, "ನಿಮಗ ಮುಂದ ನಿಂದರೂದು ಬೇಕಾಗಿತ್ತಲ್ಲಾ? ನಾ ಮರತಿಲ್ಲ. ಮೆರವಣಿಗ್ಯಾಗ ಎಲ್ಲಾರಕಿಂತ ಮುಂದ ನೀವ. ನಿಮ್ಮ ಹಿಂದ ಕುದರಿ, ಕುದರಿ ಮ್ಯಾಲೆ ಅಳಿಯಂದ್ರು, ನಾವೆಲ್ಲಾ ಅದರ ಹಿಂದ. ಸಮಾಧಾನ ಆತಿಲ್ಲೋ?" ಎಂದರು.

ನನಗೆ ಅವಮಾನ ಮಾಡಲು ಹೇಳಿದ ಮಾತಲ್ಲ ಅದು. ನಾನು ಅಷ್ಟು ದಿನ ಯಾವುದಕ್ಕಾಗಿ ಹಲ್ಲು ಕಚ್ಚಿ ನಿಂತಿದ್ದೆನೋ ಅದನ್ನು ಈ ಓದಿದ ಮನುಷ್ಯ ಹೀಗೆ ಅರ್ಥ ಮಾಡಿಕೊಂಡಿದ್ದರು, ಮತ್ತು ಆ ಆಸೆಯನ್ನು ಪೂರೈಸುತ್ತಿದ್ದೇನೆ ಎಂಬ ಸಂತೋಷದಲ್ಲಿದ್ದರು. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಮುಂದುವರಿಸಿದರು.

"ಮತ್ತ ಆ ಕೊನೀದು ಬಾರಿಸಿದ್ರಲ್ಲಾ, ನಿಧಾನ ಸುರು ಆಗಿ ಆಮ್ಯಾಲೆ ಓಡ್ತದಲ್ಲಾ, ಅದು ಬೇಕ ಬೇಕು. ನಮ್ಮ ಬಾಗಲಕ್ಕ ಬಂದಾಗ ಅದನ್ನ ಹಚ್ಚರಿ. ಏನು ಮಂಗಳಕರ ಅದರೀ ಅದು!"

ಅಪ್ಪ ಕೆಮ್ಮಿದ. "ಆ ಬಡಿತ ಮದುವಿಗೆ ಬರಾಂಗಿಲ್ರೀ ಸಾಹೇಬ್ರ" ಎಂದ ಮೆಲ್ಲಗೆ. ಮದುಮಗಳ ಮೇಲಿನ ಕನಿಕರದಿಂದಲೇ ಹೇಳಿದ್ದು.

"ಬರ್ತದ, ಬರ್ತದ! ನಾವೇನು ಸಂಗೀತ ಕೇಳದವ್ರೇನು?" ಎಂದು ಕಾರ್ಯದರ್ಶಿಯವರು ನಕ್ಕು, ಲಗ್ನಪತ್ರಿಕೆಯನ್ನು ಅಪ್ಪನ ಕಡೆ ಚಾಚಿದರು. "ನೀವ ಹೇಳ್ರಿ ಹಿರಿಯಾರು, ಮಗನ್ನ ಕಳಸ್ತೀರಿಲ್ಲೋ?"

ಅಪ್ಪ ಅದನ್ನು ಎರಡೂ ಕೈಯಿಂದ ತೆಗೆದುಕೊಂಡ.

"ಕಳಸ್ತೇನ್ರಿ. ಆ ರಸ್ತೇದ ಮ್ಯಾಲೆ ಕುರ್ಚಿ ಹಾಕಸ್ರಿ" ಎಂದ. "ಎಲ್ಲಾರೂ ಕುಂದರ್ರಿ. ನೀವು ಕುಂದರ್ರಿ, ಬೀಗರು ಕುಂದರ್ಲಿ. ಮದುಮಗಾನೂ ಕುದರಿ ಇಳದು ಕುಂದರ್ಲಿ. ಮಾತಾಡಬಾರದು. ಆವಾಗ ಬರತಾನ."

ಕಾರ್ಯದರ್ಶಿಯವರು ಮೊದಲು ಚೇಷ್ಟೆ ಎಂದುಕೊಂಡು ನಕ್ಕರು. ಅಪ್ಪ ನಗಲಿಲ್ಲ. ಅವರ ನಗು ಮೆಲ್ಲಗೆ ಆರಿತು. ನನ್ನ ಮುಖ ನೋಡಿದರು, ಮತ್ತೆ ಅಪ್ಪನ ಮುಖ ನೋಡಿದರು. "ವಿಚಾರ ಮಾಡ್ರಿ" ಎಂದು ಹೇಳಿ, ಚಪ್ಪಲಿ ಸದ್ದು ಮಾಡುತ್ತ ಓಣಿ ದಾಟಿ ಹೋದರು. ಅವರು ತಿರುವು ಮುಗಿಸಿ ಮರೆಯಾದದ್ದೇ ತಡ, ನನಗೆ ನಗು ತಡೆಯಲಾಗಲಿಲ್ಲ. ಮದುವೆಯ ಬಾಗಿಲಲ್ಲಿ ಹೆಣದ ಬಡಿತ ಬೇಕೆಂದು ಲಗ್ನಪತ್ರಿಕೆ ಹಿಡಿದು ಕೇಳಿಕೊಂಡು ಬಂದಿದ್ದರಲ್ಲ! ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಇನ್ನೇನು, ಅಪ್ಪನೂ ನಗುತ್ತಾನೆ, ಎಲ್ಲ ಸರಿಹೋಯಿತು ಎಂದುಕೊಂಡೆ.

ಅಪ್ಪ ಪತ್ರಿಕೆಯನ್ನು ಮಡಿಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು, ಅಷ್ಟು ದಿನಗಳ ನಂತರ ಮೊದಲ ಸಲ ನೇರ ನನ್ನನ್ನೇ ನೋಡಿ ಮಾತಾಡಿದ.

"ನೀ ನಗಬ್ಯಾಡ. ನಿನ್ನ ಮ್ಯಾಲಿನ ಸಿಟ್ಟ ಬ್ಯಾರೆ ಐತಿ."